ಹಿತ್ತಿಲ ಗೋಡೆಯ ಮೇಲಿನ ಚೊಂಬು

ಅಂಗಡಿ ಖಾಲಿ ಮಾಡಬೇಕೆಂದು ಕಟ್ಟಡದ ಒಡತಿಯ ಹಿರಿಯ ಮಗ ಬಂದು ಹೇಳಿದ ದಿನ ಅಪ್ಪ ಕೈ ಒರೆಸಿಕೊಂಡು ಎದ್ದರು. ಒಳಗೆ ಹೋಗಿ, ಅಡುಗೆಮನೆಯ ಮೂಲೆಯಲ್ಲಿದ್ದ ಮಣ್ಣಿನ ಗುಡಾಣದ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಸಡಿಲಿಸಿ, ಬಗ್ಗಿ ಒಮ್ಮೆ ಮೂಸಿ, ಮತ್ತೆ ಕಟ್ಟಿದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ ಅವರು ಆ ಗುಡಾಣವನ್ನು ನೋಡುತ್ತಿದ್ದರು.

ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳ ಕಡೆಗೆ ತಿರುಗುವ ರಸ್ತೆಯಲ್ಲಿದ್ದ ಆ ಊಟದ ಅಂಗಡಿ ಹೋದರೆ ನಮಗೆ ಉಳಿಯುವುದು ಏನೂ ಇರಲಿಲ್ಲ. ಅದರ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ. ಆ ಹೊತ್ತಿಗೆ ನಮ್ಮ ಹೊಸಕೋಟೆಯ ಅಂಗಡಿ ಮುಚ್ಚಿತ್ತು, ನೆಲಮಂಗಲದ್ದು ಮುಚ್ಚಿತ್ತು, ದೇವನಹಳ್ಳಿಯಿಂದ ಕುಂದಾಣಕ್ಕೆ ಹೋಗುವ ದಾರಿಯಲ್ಲಿದ್ದದ್ದು ಬಾಗಿಲು ತೆರೆದುಕೊಂಡು ಖಾಲಿ ಕುಳಿತಿತ್ತು. ಆ ಮೂರೂ ಹುಟ್ಟಿದ್ದು ಇಲ್ಲಿಂದಲೇ. ಆದ್ದರಿಂದ ಈ ಒಂದನ್ನು ಉಳಿಸಿಕೊಂಡರೆ ಉಳಿದವನ್ನು ಮತ್ತೆ ಎಬ್ಬಿಸಬಹುದೆಂದು ಅಪ್ಪ ನಂಬಿದ್ದರು. ನಂಬಿದ್ದರೆಂದು ಬರೆಯುವುದು ಸರಿಯೋ ತಪ್ಪೋ ನನಗೆ ತಿಳಿಯದು. ಬೇರೆ ಏನನ್ನು ನಂಬಬೇಕೆಂದು ಅವರಿಗೆ ಗೊತ್ತಿರಲಿಲ್ಲ.

ನನ್ನ ತಂದೆತಾಯಿ ಒಡಿಶಾದ ಕಡಲ ಹತ್ತಿರದ ಒಂದು ಹಳ್ಳಿಯವರು. ಅಪ್ಪ ನೂಲಿನ ಕಾರ್ಖಾನೆಯೊಂದಕ್ಕೆ ಸಹಾಯಕನಾಗಿ ಬಂದರು. ಅಮ್ಮ ಆಮೇಲೆ ಬಂದರು. ನಾನು ಇಲ್ಲಿಯೇ ಹುಟ್ಟಿದೆ. ಮನೆಯೊಳಗೆ ಒಡಿಯಾ, ಹೊಸ್ತಿಲು ದಾಟಿದರೆ ಕನ್ನಡ. ನಮ್ಮ ಕುಲದಲ್ಲಿ ಪದವಿ ಪಡೆದ ಮೊದಲಿಗಳು ನಾನೇ. ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಬಿ.ಕಾಂ. ಮಾಡಿ ಹೊರಬಂದ ಮೇಲೆ ಅಂಗಡಿಗಳ ನಾಮಫಲಕ, ಪರವಾನಗಿ, ಕಚೇರಿಯವರೊಡನೆ ಮಾತುಕತೆ, ಎಲ್ಲವೂ ನನ್ನ ಪಾಲಿಗೆ ಬಂದವು. ಯಾರೊಡನೆಯಾದರೂ ಮಾತನಾಡುವ ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಬರೆದು ತಿದ್ದಿಕೊಳ್ಳುವುದು ನನ್ನ ಅಭ್ಯಾಸ. ತಪ್ಪಿದರೆ, ‘ನಿಮ್ಮ ಭಾಷೆಯಲ್ಲವಲ್ಲ, ಬಿಡಿ’ ಎಂದು ಯಾರೋ ಸಮಾಧಾನ ಹೇಳುತ್ತಾರೆ. ಆ ಸಮಾಧಾನವನ್ನು ನಾನು ತಡೆದುಕೊಳ್ಳಲಾರೆ.

ಗುಡಾಣದಲ್ಲಿದ್ದದ್ದು ಪಖಾಳ. ಸಂಜೆ ಅನ್ನ ಮಾಡಿ, ಹರವಿ ಆರಿಸಿ, ನೀರು ಹಾಕಿ, ಬಟ್ಟೆ ಕಟ್ಟಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಹದವಾಗಿ ಹುಳಿಯೇರುತ್ತದೆ. ಅದಕ್ಕೆ ಉಪ್ಪು, ಹಸಿಮೆಣಸಿನಕಾಯಿ, ಸಾಸಿವೆ ಎಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆ, ಅಮ್ಮ ಬಿಸಿಲಿನಲ್ಲಿ ಒಣಗಿಸಿ ಹುರಿದ ಉದ್ದಿನ ಸಂಡಿಗೆ. ರಾತ್ರಿ ಪಾಳಿ ಮುಗಿಸಿ, ಯಂತ್ರದ ಕಾವು ಮೈಯಲ್ಲಿ ಹೊತ್ತುಕೊಂಡು ಬರುವ ನಮ್ಮ ಕಡೆಯ ಕೆಲಸಗಾರರಿಗೆ ಇಡ್ಲಿಯೂ ಬೇಡ, ಚಿತ್ರಾನ್ನವೂ ಬೇಡ. ಅವರು ಬೆಂಚಿನ ಮೇಲೆ ಕುಳಿತು, ಬಟ್ಟಲೆತ್ತಿ ಮೊದಲು ಆ ಹುಳಿನೀರನ್ನು ಗಟಗಟನೆ ಕುಡಿದು, ಆಮೇಲೆ ಮಾತು ಶುರುಮಾಡುತ್ತಿದ್ದರು. ಗುಡಾಣವನ್ನು ಅಪ್ಪ ಎಂದೂ ಪೂರ್ತಿ ಬರಿದು ಮಾಡುತ್ತಿರಲಿಲ್ಲ. ತಳದಲ್ಲಿ ಉಳಿಸಿದ ನೀರಿನ ಮೇಲೆಯೇ ಆ ದಿನದ ಅನ್ನ ಬೀಳಬೇಕು. ಹಾಗೆ ಮಾಡಿದರೆ ಮಾತ್ರ ಊರಿನ ರುಚಿ ಬರುತ್ತದೆಂದು ಅವರು ಹೇಳುತ್ತಿದ್ದರು. ಹೊಸ ಅಂಗಡಿ ತೆರೆಯುವಾಗಲೆಲ್ಲ ಈ ಗುಡಾಣದ ನೀರನ್ನು ಒಂದು ಕ್ಯಾನಿನಲ್ಲಿ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದರು. ನೆಲಮಂಗಲಕ್ಕೆ ಹೋದಾಗ ಜೊತೆಗೆ ನಾನೂ ಇದ್ದೆ. ವಾಸನೆ ಹಿಡಿದ ಕಂಡಕ್ಟರು, “ಏನ್ ಗುರು, ಹೆಂಡನಾ?” ಎಂದರು.

“ಅನ್ನ ಸಾರ್,” ಎಂದರು ಅಪ್ಪ.

“ಅನ್ನ ಕುಡಿದು ಟೈಟ್ ಆಗೋರನ್ನ ನಾನು ನೋಡಿಲ್ಲಪ್ಪ. ಹಿಂದಕ್ಕೋಗಿ ಕೂತ್ಕೋ, ಚೆಲ್ಲಬೇಡ.”

ಆ ಅಂಗಡಿಗಳನ್ನು ನೋಡಿಕೊಳ್ಳುತ್ತಿದ್ದವರೂ ಸಂಬಳಕ್ಕೆ ಬಂದ ಅಪರಿಚಿತರಲ್ಲ. ಒಂದು ಕಾಲದಲ್ಲಿ ಇದೇ ಬೆಂಚಿನ ಮೇಲೆ ಕುಳಿತು ತಿಂದವರು, ಕಾರ್ಖಾನೆ ಬಿಟ್ಟು ನಮ್ಮ ಜೊತೆ ಸೇರಿದವರು. ಗೋದಾಮುಗಳ ಹತ್ತಿರ, ಕಟ್ಟಡ ಕೆಲಸ ನಡೆಯುವ ಕಡೆ, ಎಲ್ಲಿ ನಮ್ಮವರು ಗುಂಪಾಗಿ ಬಾಡಿಗೆ ಕೋಣೆಗಳಲ್ಲಿ ಇದ್ದರೋ ಅಲ್ಲಿ ಒಂದು ಅಂಗಡಿ. ಯಾರಿಗೆ ಮಗು ಹುಟ್ಟಿತು, ಯಾರ ಬೆರಳು ಯಂತ್ರಕ್ಕೆ ಸಿಕ್ಕಿತು, ಯಾರು ಊರಿಗೆ ಹೊರಟಿದ್ದಾರೆ ಎಂಬ ಸುದ್ದಿಯೆಲ್ಲ ಮೊದಲು ನಮ್ಮ ಬೆಂಚಿಗೆ ಬರುತ್ತಿತ್ತು.

ಈಗ ಕಟ್ಟಡದ ಒಡತಿಯ ವಿಷಯ. ಅವರನ್ನು ನಾವೆಲ್ಲರೂ ಅಜ್ಜಿ ಎನ್ನುತ್ತೇವೆ. ದೊಡ್ಡಬಳ್ಳಾಪುರದ ನೇಕಾರರ ಮನೆಯವರು. ನಮ್ಮ ಅಂಗಡಿಯ ಹಿಂದೆ, ಮೊಣಕೈ ಎತ್ತರದ ಗೋಡೆಯಾಚೆ ಅವರ ಮನೆ, ಮನೆಯ ಪಕ್ಕಕ್ಕೆ ವಿದ್ಯುತ್ ಮಗ್ಗಗಳ ಶೆಡ್ಡು. ಹೊರಗಿನವರಿಗೆ ಬಾಡಿಗೆಗೆ ಕೊಡುವುದಿಲ್ಲ ಎಂದು ಇಡೀ ರಸ್ತೆ ಹೇಳಿದ್ದಾಗ ಈ ಜಾಗವನ್ನು ಅಪ್ಪನಿಗೆ ಕೊಟ್ಟವರು ಅವರೇ. ಅಪ್ಪ ಆ ಕತೆಯನ್ನು ಬಹಳ ಸಲ ಹೇಳಿದ್ದಾರೆ. ಬಂದ ಹೊಸದರಲ್ಲಿ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಬಟ್ಟಲಿನಲ್ಲಿ ಪಖಾಳ ತಿನ್ನುತ್ತಿದ್ದರಂತೆ. ಗೋಡೆಯ ಆಚೆಯಿಂದ ಅಜ್ಜಿ ಮೂಗೆಳೆದುಕೊಂಡು ಕೇಳಿದರಂತೆ: “ಏನಪ್ಪಾ ಅದು, ತಂಗಳಾ?”

“ನಮ್ಮ ಕಡೆ ಊಟ ಅಮ್ಮಾ.”

“ನಮ್ಮ ಕಡೆ ಊಟಾನೂ ಹಿಂದೆ ಅದೇ ಆಗಿತ್ತು ಕಣಪ್ಪಾ. ಒಂದಿಷ್ಟು ನೀರು ಕೊಡು ನೋಡಾನ.”

ಆವತ್ತಿನಿಂದ ಪ್ರತಿದಿನ ಬೆಳಿಗ್ಗೆ ಗೋಡೆಯ ಮೇಲೆ ಒಂದು ಹಿತ್ತಾಳೆ ಚೊಂಬು ಬಂದು ಕೂರುತ್ತಿತ್ತು. ಅಪ್ಪ ಅದರಲ್ಲಿ ಹುಳಿನೀರು ತುಂಬಿ ಇಡುತ್ತಿದ್ದರು. ಅಜ್ಜಿಗೆ ಹೊಟ್ಟೆಯ ಉರಿ. ಅದನ್ನು ಕುಡಿದರೆ ಮಾತ್ರ ತಣ್ಣಗಾಗುತ್ತದೆಂದು ಅವರೇ ಹೇಳಿದ್ದರು. ಮನೆಯಲ್ಲಿ ಮಾಡಿಕೊಳ್ಳುವ ಹಾಗಿರಲಿಲ್ಲ. ಅವರ ಹಿರಿಯ ಮಗ ಎಳೆಯ ವಯಸ್ಸಿನಲ್ಲಿ ತಂಗಳುಂಡು ಮಗ್ಗದ ಮುಂದೆ ಕುಳಿತವರು. ಕೈಗೆ ನಾಲ್ಕು ಕಾಸು ಬಂದ ಮೇಲೆ, ನಮ್ಮ ಮನೆಯಲ್ಲಿ ಇನ್ನು ಆ ವಾಸನೆ ಬರಕೂಡದು ಎಂದು ಕಟ್ಟುನಿಟ್ಟು ಮಾಡಿದ್ದರು. ಹೀಗಾಗಿ ಆ ಚೊಂಬು ಸೆರಗಿನ ಮರೆಯಲ್ಲಿ ಬರುತ್ತಿತ್ತು, ಸೆರಗಿನ ಮರೆಯಲ್ಲಿ ಹೋಗುತ್ತಿತ್ತು. ನಾನು ಶಾಲೆಗೆ ಹೋಗುವಾಗ ನೋಡಿದ್ದೇನೆ, ಕಾಲೇಜಿಗೆ ಹೋಗುವಾಗಲೂ ನೋಡಿದ್ದೇನೆ.

ಈ ಕಷ್ಟವೆಲ್ಲ ಶುರುವಾದದ್ದು ಮೊಬೈಲುಗಳಲ್ಲಿ ಹರಿದಾಡಿದ ಒಂದು ವಿಡಿಯೋದಿಂದ. ಅದನ್ನು ತೆಗೆದವರು ಯಾರೆಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಅಡುಗೆಮನೆಯ ಕಿಟಕಿಯಿಂದ ತೆಗೆದದ್ದು. ಅಪ್ಪ ಬನಿಯನ್ನಿನಲ್ಲಿದ್ದಾರೆ, ಗುಡಾಣದೊಳಗೆ ಮೊಣಕೈವರೆಗೆ ಕೈ ಹಾಕಿ ಅನ್ನವನ್ನು ಮೆಲ್ಲಗೆ ಹಿಸುಕುತ್ತಿದ್ದಾರೆ. ನಮ್ಮಲ್ಲಿ ಅದನ್ನು ಕೈಯಲ್ಲಿಯೇ ಮಾಡುವುದು. ಸೌಟು ಹಾಕಿದರೆ ಅಗುಳು ಒಡೆದು ಅಂಬಲಿಯಾಗುತ್ತದೆ. ಚಿತ್ರದ ಮೇಲೆ ಒಂದು ದನಿ: “ನೋಡಿ ಗುರು, ರಾತ್ರಿ ಜನ ತಿಂದು ಬಿಟ್ಟಿದ್ದಕ್ಕೆ ನೀರು ಸುರಿದು ಬೆಳಿಗ್ಗೆ ಬಡಿಸ್ತಾವ್ರೆ. ಕೈ ನೋಡಿ, ಕೈ!”

ಅದು ಎಂಜಲಲ್ಲ, ಹುಳಿಯೇರಲೆಂದೇ ಬೇರೆಯಾಗಿ ಮಾಡಿದ ಅನ್ನ ಎಂದು ಯಾರಿಗೆ ಹೇಳುವುದು? ಮೊಬೈಲು ನೋಡುವವರು ಯಾರೂ ನಮ್ಮ ಅಂಗಡಿಗೆ ಬಂದು ಕೇಳಲಿಲ್ಲ. ಆಹಾರ ಇಲಾಖೆಯವರು ಬಂದು ಬಾಟಲಿಯಲ್ಲಿ ಸ್ವಲ್ಪ ತೆಗೆದುಕೊಂಡು ಹೋದರು. ಅಂಗಡಿ ಮುಚ್ಚಿ ಎಂದೂ ಹೇಳಲಿಲ್ಲ, ತೆರೆಯಿರಿ ಎಂದೂ ಹೇಳಲಿಲ್ಲ. ಕಾರ್ಖಾನೆಗಳ ಕಾರ್ಮಿಕ ಗುತ್ತಿಗೆದಾರರು ಮಾತ್ರ ಸ್ಪಷ್ಟವಾಗಿ ಹೇಳಿದರು: ಅಲ್ಲಿ ತಿಂದು ಹೊಟ್ಟೆನೋವೆಂದರೆ ರಜೆ ಇಲ್ಲ, ಕೆಲಸವೂ ಇಲ್ಲ. ನಮ್ಮವರು ಕೆಲವು ದಿನ ಕೊರಳಿನ ಗುರುತಿನ ಚೀಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಹಿಂದಿನ ಓಣಿಯಿಂದ ಬಂದು ತಿಂದು ಹೋದರು. ಆಮೇಲೆ ಅದೂ ಕಡಿಮೆಯಾಯಿತು. ಅವರನ್ನು ನಾನು ದೂರುವುದಿಲ್ಲ. ಊರಿನಲ್ಲಿ ಅವರ ಸಂಬಳ ಕಾಯುವ ಮನೆಗಳಿದ್ದವು.

ಹೊಸಕೋಟೆಯ ಅಂಗಡಿಯಲ್ಲಿದ್ದವರು ಅಲ್ಲಿಯ ಗುಡಾಣವನ್ನು ಚರಂಡಿಗೆ ಸುರಿದು ಬೀಗದ ಕೈ ತಂದುಕೊಟ್ಟ ದಿನ ಅಮ್ಮ ಒಲೆ ಹಚ್ಚಲಿಲ್ಲ. “ಊರಲ್ಲಿ ನನ್ನ ತಂಗಿ ಕೇಳ್ತಾಳೆ, ಏನು ವ್ಯಾಪಾರ ನಿಮ್ಮದು ಅಂತ. ಇನ್ಮೇಲೆ ಏನು ಹೇಳಲಿ?” ಎಂದರು. ಇಡ್ಲಿ, ಚಿತ್ರಾನ್ನ ಮಾಡೋಣ, ಗುಡಾಣವನ್ನು ಸದ್ಯಕ್ಕೆ ಒಳಗಿಡೋಣ ಎಂದು ನಾನು ಹೇಳಿದೆ. ಅಪ್ಪ ರಸ್ತೆಯ ಕಡೆಗೆ ಕೈ ತೋರಿಸಿದರು.

“ಇಡ್ಲಿ ಮಾಡೋರು ಎಷ್ಟು ಜನ ಇದಾರೆ ನೋಡು ಅಲ್ಲಿ. ನಮ್ಮ ಹುಡುಗರು ನನ್ನ ಹತ್ರ ಇಡ್ಲಿಗೆ ಯಾಕೆ ಬರ್ತಾರೆ?” ಗುಡಾಣದ ಬಟ್ಟೆಯನ್ನು ಬಿಗಿ ಮಾಡುತ್ತ ಮತ್ತೆ ಅಂದರು: “ಹಿಟ್ಟು ಹುಳಿ ಬಂದ್ರೆ ಟಿಫನ್ನು. ಅನ್ನ ಹುಳಿ ಬಂದ್ರೆ ಕೊಳಕು.”

ಅಜ್ಜಿಯ ಹೆಸರನ್ನು ನಾನು ಎತ್ತಿದ್ದು ಹಿರಿಯ ಮಗ ಬಂದು ಖಾಲಿ ಮಾಡಿ ಎಂದು ಹೇಳಿಹೋದ ರಾತ್ರಿ. ಅವರೊಬ್ಬರು ಬಾಯಿ ಬಿಟ್ಟು, ಇಷ್ಟು ವರ್ಷ ನಾನೂ ಕುಡಿದಿದ್ದೇನೆ ಎಂದರೆ ಸಾಕು. ಮಗನೂ ಸುಮ್ಮನಾಗುತ್ತಾರೆ, ರಸ್ತೆಯವರೂ ಸುಮ್ಮನಾಗುತ್ತಾರೆ. ಅಪ್ಪ ನನ್ನತ್ತ ನೋಡಿದ ರೀತಿಗೆ ನನ್ನ ಮಾತು ಅರ್ಧಕ್ಕೇ ನಿಂತಿತು.

“ಅವರು ಚೊಂಬನ್ನ ಗೋಡೆ ಮೇಲೆ ಇಡೋದು ಯಾಕೆ? ಮುಂದಿನ ಬಾಗಿಲಿಂದ ಬಂದು ಕೇಳಬಹುದಿತ್ತಲ್ಲ?”

“ಯಾರಿಗೂ ಗೊತ್ತಾಗಬಾರದು ಅಂತ.”

“ಹಂಗಾದ್ರೆ ಗೊತ್ತಾಗಬಾರದು. ಜಾಗ ಕೊಟ್ಟೋರು ಅವರು. ಅವರಾಗಿ ಹೇಳಿದ್ರೆ ಹೇಳಲಿ. ನೀನು ಹೇಳಿದ್ದು ನನ್ನ ಕಿವಿಗೆ ಬಿದ್ರೆ, ನಾನೇ ಅಂಗಡಿ ಬಾಗಿಲು ಹಾಕ್ತೀನಿ.”

ಆ ವಾರದ ಭಾನುವಾರ ಇದನ್ನು ಇತ್ಯರ್ಥ ಮಾಡಲು ಕಟ್ಟಡದ ಮುಂದೆ ಎಲ್ಲರೂ ಸೇರಿದರು. ಅಜ್ಜಿಯ ಹಿರಿಯ ಮಗ, ಪಕ್ಕದ ಬೇಕರಿಯವರು, ಎದುರಿನ ಮೊಬೈಲ್ ಅಂಗಡಿಯವರು, ಮತ್ತೆ ಕೆಲವರು. ನಮ್ಮ ಕಡೆಯಿಂದ ಅಪ್ಪ, ನಾನು, ರಾತ್ರಿ ಪಾಳಿಯಿಂದ ನೇರವಾಗಿ ಬಂದಿದ್ದ ಒಬ್ಬ ಹಳೆಯ ಗಿರಾಕಿ. ಇಲ್ಲಿಯ ನೂಲಿನ ಕಾರ್ಖಾನೆಯಲ್ಲಿ ತಲೆ ನರೆತ ಮನುಷ್ಯ ಅವರು. ಅವತ್ತು ಗುರುತಿನ ಚೀಟಿಯನ್ನು ಕೊರಳಿನಲ್ಲಿಯೇ ಬಿಟ್ಟುಕೊಂಡು ಬಂದಿದ್ದರು. ಅಜ್ಜಿ ಪಕ್ಕದ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು.

ನಾನು ಹಿಂದಿನ ದಿನವೆಲ್ಲ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಎದ್ದು ನಿಂತು ಹೇಳಿದೆ: “ಮಾನ್ಯರೇ, ದೃಶ್ಯಾವಳಿಯಲ್ಲಿ ತೋರಿಸಲಾಗಿರುವ ಆಹಾರವು ಗ್ರಾಹಕರು ಉಳಿಸಿದ ಅನ್ನವಲ್ಲ. ಅದು ನಮ್ಮ ಪ್ರಾಂತ್ಯದ ಸಾಂಪ್ರದಾಯಿಕ...”

“ಏನಮ್ಮಾ, ವಾರ್ತೆ ಓದ್ತಿದೀಯಾ?” ಎಂದರು ಬೇಕರಿಯವರು. “ಹಂಗೇ ಮಳೆ ಯಾವಾಗ ಬರುತ್ತೆ ಅಂತಾನೂ ಹೇಳ್ಬಿಡು.”

ಎಲ್ಲರೂ ನಕ್ಕರು. ನನ್ನ ಮುಂದಿನ ವಾಕ್ಯ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಮ್ಮ ಹಳೆಯ ಗಿರಾಕಿ ಎದ್ದು, ತಮಗೆ ಬಂದಷ್ಟು ಕನ್ನಡದಲ್ಲಿ ಹೇಳಿದರು: “ಸಾರ್, ನಾನು ಎಷ್ಟೋ ವರ್ಷ ತಿಂದೆ ಇಲ್ಲಿ. ಹೊಟ್ಟೆನೋವು ಅಂತ ಒಂದು ದಿನ ರಜಾ ಹಾಕಿಲ್ಲ.”

“ನಿಂಗೆ ರಜಾ ಕೊಟ್ರೆ ತಾನೇ ಹಾಕೋದು?” ಎಂದರು ಮೊಬೈಲ್ ಅಂಗಡಿಯವರು. ಮತ್ತೆ ನಗು. ಗಿರಾಕಿಯೂ ನಕ್ಕುಬಿಟ್ಟರು, ಪಾಪ.

ಹಿರಿಯ ಮಗ ಮಾತ್ರ ನಗಲಿಲ್ಲ. ಅವರು ಕೆಟ್ಟವರಲ್ಲ. ನನ್ನ ಪದವಿಯ ಫಲಿತಾಂಶ ಬಂದ ದಿನ ಬೇಕರಿಯಿಂದ ಸಿಹಿ ತರಿಸಿ ಕೊಟ್ಟವರು. ಅಪ್ಪನ ಕಡೆಗೆ ತಿರುಗಿ, “ಭಾಯಿ, ನಂಗೆ ನಿಮ್ಮ ಮೇಲೆ ಕೋಪ ಇಲ್ಲ,” ಎಂದರು. “ಆದ್ರೆ ನಮ್ಮ ಬಿಲ್ಡಿಂಗು ಎಲ್ಲಾರ ಮೊಬೈಲಲ್ಲೂ ಓಡಾಡ್ತೈತೆ. ಬೀಗರು ಫೋನ್ ಮಾಡಿ ಕೇಳ್ತಾರೆ, ಹಳಸಿದ ಅನ್ನ ಮಾರೋನಿಗೆ ಜಾಗ ಕೊಟ್ಟಿದೀರಾ ಅಂತ. ಸಂಪ್ರದಾಯ ಅಂತಾಳೆ ನಿಮ್ಮ ಮಗಳು. ಸರಿ, ನಿಮ್ಮೂರಲ್ಲಿ ತಿಂತೀರಾ, ತಿನ್ನಿ. ನಮ್ಮೂರೋರು ಒಬ್ರಾದ್ರೂ ಇದನ್ನ ಮುಟ್ತಾರಾ? ಒಬ್ರನ್ನ ತೋರ್ಸಿ. ನಾಳೆಯಿಂದ ನಾನು ಉಸಿರೆತ್ತಲ್ಲ, ನೀವು ಇಲ್ಲೇ ಇರಿ.”

ಅಂತಹ ಮಾತು ಅವರ ಬಾಯಿಂದಲೇ ಬಂದೀತೆಂದು ನಾನು ಎಣಿಸಿರಲಿಲ್ಲ. ಒಬ್ಬರು ಸಾಕಿತ್ತು. ಆ ಒಬ್ಬರು ಕೈಗೆಟುಕುವಷ್ಟು ಹತ್ತಿರದಲ್ಲಿ ಕುಳಿತಿದ್ದರು. ಅವರೆಕಾಯಿಯ ಸಿಪ್ಪೆ ಬಿಡಿಸುವ ಚಟ್ ಚಟ್ ಶಬ್ದ ಕೇಳುತ್ತಲೇ ಇತ್ತು. ಒಂದು ಕ್ಷಣವೂ ನಿಲ್ಲಲಿಲ್ಲ. ನಾನು ಅಜ್ಜಿಯನ್ನು ನೋಡಿದೆ. ಅವರು ಮೊರವನ್ನು ನೋಡುತ್ತಿದ್ದರು. ನಾನು ಅಪ್ಪನನ್ನು ನೋಡಿದೆ. ಅವರು ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದರು.

ನನ್ನ ನಾಲಿಗೆಯ ಮೇಲೆ ಆ ವಾಕ್ಯ ತಯಾರಾಗಿತ್ತು. ತಿದ್ದುವ ಅಗತ್ಯವಿರದ, ವ್ಯಾಕರಣದ ಭಯವಿರದ, ಮೂರೇ ಮಾತಿನ ವಾಕ್ಯ: ನಿಮ್ಮ ಅಮ್ಮನನ್ನೇ ಕೇಳಿ. ನಾನು ಅದನ್ನು ನುಂಗಿಕೊಂಡೆ.

“ಯಾರೂ ಇಲ್ವಲ್ಲ?” ಎಂದರು ಹಿರಿಯ ಮಗ, ಕಾದು ಕಾದು. ಅವರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. “ತಿಂಗಳ ಕೊನೆಗೆ ಬಿಟ್ಕೊಡಿ ಭಾಯಿ.”

ಅಜ್ಜಿ ಮೊರವನ್ನು ಎತ್ತಿಕೊಂಡು ಒಳಗೆ ಹೋದರು. ಮರುದಿನ ಬೆಳಿಗ್ಗೆ ಹಿತ್ತಿಲ ಗೋಡೆಯ ಮೇಲೆ ಚೊಂಬು ಇತ್ತು. ಅದರ ಮರುದಿನವೂ ಇತ್ತು. ಅಪ್ಪ ತುಂಬಿದರು. ಒಂದು ದಿನವೂ ಕಡಿಮೆ ತುಂಬಲಿಲ್ಲ.

ಆ ದಿನಗಳಲ್ಲಿ ನಾವು ಎಲ್ಲೆಲ್ಲಿ ಜಾಗ ಹುಡುಕಿದೆವು! ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹಿಂದೆ, ಸಾಸಲಿಗೆ ಹೋಗುವ ದಾರಿಯಲ್ಲಿ, ಕೊನೆಗೆ ಕುಂದಾಣದ ಅಂಗಡಿಯನ್ನೇ ಉಳಿಸಿಕೊಳ್ಳಲು ಸಾಧ್ಯವೇ ಎಂದು. ನಾನು ಎಷ್ಟು ಶುದ್ಧವಾಗಿ ಮಾತನಾಡಿದರೂ, ಯಾವ ಹೋಟೆಲು ಎಂದು ಕೇಳಿದ ಕೂಡಲೇ ಎದುರಿನವರು ಜೇಬಿನಿಂದ ಮೊಬೈಲು ತೆಗೆಯುತ್ತಿದ್ದರು. ಅಪ್ಪನ ಮುಖವನ್ನು ನೋಡುತ್ತಿದ್ದರು, ಪರದೆಯನ್ನು ನೋಡುತ್ತಿದ್ದರು. ಕುಂದಾಣದ ಅಂಗಡಿಯೂ ಹೋಯಿತು. ಅಮ್ಮ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟತೊಡಗಿದರು. ಮದುವೆಯಾದ ವರ್ಷ ಊರಿನಿಂದ ಹೊರಡುವಾಗಲೂ ಹೀಗೆಯೇ ಕಟ್ಟಿದ್ದೆ ಎಂದರು. ಆಗ ಎಲ್ಲಿಗೆ ಹೋಗುತ್ತಿದ್ದೇನೆಂದು ಗೊತ್ತಿತ್ತು ಎಂದರು.

ಕೊನೆಯ ಬೆಳಿಗ್ಗೆ ರಾತ್ರಿ ಪಾಳಿ ಬಿಟ್ಟವರು ಬಂದರು. ಅವತ್ತು ಹಿಂದಿನ ಓಣಿಯಿಂದಲ್ಲ, ಮುಂದಿನ ರಸ್ತೆಯಿಂದಲೇ ಬಂದರು. ಕೆಲವರ ಕೈಯಲ್ಲಿ ತಂಪುಪಾನೀಯದ ಖಾಲಿ ಬಾಟಲಿಗಳಿದ್ದವು. ಯಾರು ಯಾರಿಗೆ ಹೇಳಿದರೋ, ಎಲ್ಲರೂ ಬಾಟಲಿ ಚಾಚಿದರು. ಅಪ್ಪ ಗುಡಾಣದ ನೀರನ್ನು ಲೋಟದಲ್ಲಿ ತೆಗೆದು ಒಂದೊಂದಕ್ಕೂ ಹಾಕಿದರು. ಕೋಣೆಯಲ್ಲಿ ಅನ್ನ ಮಾಡಿ ಇದನ್ನು ಬೆರೆಸಿ ಇಡಿ, ಬಿಸಿಲಿಗೆ ಇಡಬೇಡಿ, ಮುಚ್ಚಳ ಬಿಗಿ ಮಾಡಬೇಡಿ ಎಂದು ಒಡಿಯಾದಲ್ಲಿ ಪ್ರತಿಯೊಬ್ಬರಿಗೂ ಹೇಳಿದರು. “ನನಗೆ ಜಾಗ ಸಿಕ್ಕಿದ ಮೇಲೆ ಯಾರ ಹತ್ರ ಉಳಿದಿರುತ್ತೋ ಅವರು ತಂದುಕೊಡಿ,” ಎಂದರು. ಎಲ್ಲರೂ ಹೂಂ ಎಂದರು. ಒಂದು ಕೋಣೆಯಲ್ಲಿ ಆರೇಳು ಮಂದಿ ಮಲಗುವವರು, ಪಾಳಿಗೊಮ್ಮೆ ಹಾಸಿಗೆ ಬದಲಾಯಿಸುವವರು, ಯಾವಾಗ ಯಾವ ಊರಿಗೆ ಕಳುಹಿಸುತ್ತಾರೋ ಗೊತ್ತಿಲ್ಲದವರು. ಉಳಿಯುತ್ತದೆಂದು ನನಗೆ ಅನ್ನಿಸಲಿಲ್ಲ. ಅಪ್ಪನಿಗೂ ಅನ್ನಿಸಿರಲಾರದು.

ಲಗೇಜ್ ಆಟೋ ಬಂದು ನಿಂತಿತ್ತು. ಬೆಂಚು ಏರಿತು, ಒಲೆ ಏರಿತು. ನಾನು ಹಿತ್ತಿಲಿಗೆ ಹೋಗಿ ನೋಡಿದರೆ, ಗೋಡೆಯ ಮೇಲೆ ಚೊಂಬು.

“ಇವತ್ತು ಬೇಡ ಬಾಪಾ,” ಎಂದೆ ಅಪ್ಪನಿಗೆ. “ಖಾಲಿ ಇರಲಿ. ನೋಡಲಿ ಅವರು.”

ಅಪ್ಪ ನನ್ನ ಕೈಯಿಂದ ಚೊಂಬನ್ನು ತೆಗೆದುಕೊಂಡರು. ಗುಡಾಣವನ್ನು ಓರೆ ಮಾಡಿ, ತಳದಲ್ಲಿ ಉಳಿಸಿಕೊಂಡಿದ್ದರಲ್ಲಿಯೇ ತುಂಬಿ, ಅಂಚು ಒರೆಸಿ ಕೊಟ್ಟರು. “ಇಟ್ಟು ಬಾ.”

ನಾನು ಇಡುವ ಮೊದಲೇ ಆಚೆಯಿಂದ ಅಜ್ಜಿಯ ಕೈ ಬಂತು. ಅವರು ಗೋಡೆಗೆ ಒರಗಿಕೊಂಡು ಕಾಯುತ್ತಿದ್ದರು. ಕಣ್ಣು ಊದಿತ್ತು. ನನ್ನ ಮುಖ ನೋಡದೆ, ಮೆಲ್ಲಗೆ ಕೇಳಿದರು: “ನಾಳೆಯಿಂದ ನಾನೇನ್ ಮಾಡ್ಲೇ ಮಗಾ?”

ಅದೇ ಪ್ರಶ್ನೆಯನ್ನು ನಾನು ಅವರಿಗೆ ಕೇಳಬೇಕೆಂದು ಎಷ್ಟು ದಿನದಿಂದ ಅಂದುಕೊಂಡಿದ್ದೆನೋ. ಬಾಯಿಗೆ ಬಂದದ್ದು ಬೇರೆಯೇ. “ನೀವೇ ಮಾಡ್ಕೊಳ್ಳಿ ಅಜ್ಜೀ. ಅನ್ನ ಆರಿಸಿ ನೀರು ಹಾಕಿ, ಇದನ್ನ ಒಂದು ಲೋಟ ಬೆರೆಸಿ. ದಿನಾ ಸ್ವಲ್ಪ ಉಳಿಸ್ಕೋಬೇಕು, ಪೂರ್ತಿ ಕುಡೀಬಾರದು.”

“ಮನೇಲಾ? ಬಿಟ್ಟಾನಾ ಅವನು? ಮೂಗು ಬಲು ಚುರುಕು ಅವನ್ದು.” ಒಂದು ಗುಟುಕು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು. “ಮಗ್ಗದ ಶೆಡ್ಡಲ್ಲಿ ಇಟ್ರೆ? ಅಲ್ಲಿ ನೂಲಿನ ಗಂಜಿ ವಾಸ್ನೆ ಇದ್ದೇ ಇರ್ತೈತೆ, ಗೊತ್ತಾಗಲ್ಲ ಅಲ್ವಾ?”

ನಾನು ಉತ್ತರಿಸುವ ಮೊದಲು ಶೆಡ್ಡಿನೊಳಗೆ ಮಗ್ಗದ ಸದ್ದು ನಿಂತಿತು. ಹಿರಿಯ ಮಗನ ದನಿ ಬಂತು: “ಅಮ್ಮಾ, ಯಾರತ್ರ ಮಾತಾಡ್ತಿದೀಯಾ?”

“ಯಾರೂ ಇಲ್ಲ ಕಣೋ,” ಎಂದರು ಅಜ್ಜಿ.

ಚೊಂಬು ಸೆರಗಿನೊಳಗೆ ಹೋಯಿತು. ಅವರು ಚೆಲ್ಲದ ಹಾಗೆ, ನಿಧಾನವಾಗಿ ಹೆಜ್ಜೆ ಇಡುತ್ತ ಶೆಡ್ಡಿನ ಹಿಂಬದಿಗೆ ನಡೆದರು. ಮಗ್ಗ ಮತ್ತೆ ಶುರುವಾಯಿತು.

ಮುಂದುಗಡೆ ಅಪ್ಪ ಆಟೋದ ಹಿಂಭಾಗದಲ್ಲಿ ಹತ್ತಿ ಕುಳಿತು, ಗುಡಾಣವನ್ನು ಎರಡು ಮೊಣಕಾಲುಗಳ ನಡುವೆ ಹಿಡಿದುಕೊಂಡಿದ್ದರು. ಅಮ್ಮ ಚಾಲಕನ ಪಕ್ಕದಲ್ಲಿದ್ದರು. ಎಲ್ಲಿಗೆ ಎಂದು ಚಾಲಕ ಕೇಳಿದ್ದಕ್ಕೆ ಸದ್ಯಕ್ಕೆ ಮುಂದೆ ನಡಿ ಎಂದರು ಅಮ್ಮ.

“ಕೊಟ್ಟೆಯಾ?” ಎಂದು ಅಪ್ಪ ನನ್ನನ್ನು ಕೇಳಿದರು.

“ಕೊಟ್ಟೆ,” ಎಂದು ಹೇಳಿ ನಾನೂ ಹತ್ತಿದೆ.